ಕಪ್ಪು ಪೆಟ್ಟಿಗೆ, ಬಿಳಿ ಪೆಟ್ಟಿಗೆ, ಒಂದನೇ ಲಾಟು

"ಗುರುಗಳೇ, ಓದು ದೊಡ್ಡದೋ, ಸೇವೆ ದೊಡ್ಡದೋ?"

ಶಿಷ್ಯ ಕೇಳಿದ. ಅವನ ಒಂದು ಕೈಯಲ್ಲಿ ನೋಟ್‌ಪುಸ್ತಕವಿತ್ತು. ಇನ್ನೊಂದು ಕೈಯಲ್ಲಿ ಸೌಟಿತ್ತು. ಆ ವಾರ ಮಠದ ಅಡುಗೆ ಅವನ ಪಾಲಿಗೆ ಬಂದಿತ್ತು. ಮಧ್ಯಾಹ್ನದ ಪಂಕ್ತಿಗೆ ನಲವತ್ತು ಜನ.

ಗುರು ಸೌಟನ್ನು ನೋಡಿದರು. ಆಮೇಲೆ ಪುಸ್ತಕವನ್ನು ನೋಡಿದರು.

"ಏನದು?"

"ಹೋಲಿಕೆ, ಗುರುಗಳೇ. ಎಡಗಡೆ ಓದಿನ ಗುಣ, ಬಲಗಡೆ ಸೇವೆಯ ಗುಣ. ಮೂರು ತಿಂಗಳಿಂದ ಬರೀತಾ ಇದ್ದೀನಿ. ಈಗ ತಾನೇ ಕೂಡಿಸಿದೆ. ಎರಡೂ ಕಡೆ ನೂರ ಹನ್ನೆರಡು ಬಂತು. ಹಾಗೇ ಎದ್ದು ಓಡಿ ಬಂದೆ."

"ಈಗಲೇ ಗೊತ್ತಾಗಬೇಕೋ?"

"ಈಗಲೇ. ಇದು ಇತ್ಯರ್ಥ ಆಗೋವರೆಗೂ ಬೇರೆ ಯಾವುದರಲ್ಲೂ ಮನಸ್ಸು ನಿಲ್ಲಲ್ಲ."

"ಕೂತುಕೋ" ಎಂದರು ಗುರು. ಈ ಕತೆ ಹೇಳಿದರು.

ಒಂದು ಊರಿನಲ್ಲಿ ಒಬ್ಬ ವರ್ತಕನಿದ್ದ. ಅವನದು ರೇಷ್ಮೆ ಗೂಡಿನ ಮಂಡಿ. ರೈತರು ಗೂಡು ತರುತ್ತಿದ್ದರು. ತಟ್ಟೆಗೆ ಸುರಿಯುತ್ತಿದ್ದರು. ಮಂಡಿಯವರು ತೂಕ ಹಾಕಿ, ಒಬ್ಬೊಬ್ಬರ ರಾಶಿಗೂ ಲಾಟಿನ ನಂಬರು ಬರೆದು, ಚೀಟಿ ಹರಿದು ಕೊಡುತ್ತಿದ್ದರು. ಗೂಡಿನಿಂದ ನೂಲು ತೆಗೆಯುವವರು, ಅಂದರೆ ರೀಲರುಗಳು, ಬಂದು ಗೂಡನ್ನು ಕೈಯಲ್ಲಿ ಹಿಡಿದು, ಕಿವಿಯ ಹತ್ತಿರ ಅಲ್ಲಾಡಿಸಿ ನೋಡುತ್ತಿದ್ದರು. ಆಮೇಲೆ ಹರಾಜು.

ಮೊದಲು ಬೆಲೆಯನ್ನು ಬಾಯಲ್ಲಿ ಕೂಗುತ್ತಿದ್ದರು. ಈಗ ಫೋನಿನಲ್ಲಿ ಒತ್ತುತ್ತಾರೆ. ಒತ್ತಿದ್ದೆಲ್ಲ ಒಂದು ಸರ್ವರಿಗೆ ಹೋಗುತ್ತದೆ. ಹೆಚ್ಚು ಕೂಗಿದವನ ಹೆಸರು ಬೋರ್ಡಿನ ಮೇಲೆ ಬರುತ್ತದೆ.

"ಸರ್ವರ್ ಅಂದರೆ ಏನು ಗುರುಗಳೇ?"

"ನೂರು ಜನ ಒಟ್ಟಿಗೆ ಮಾತಾಡಿದರೂ ಎಲ್ಲರದನ್ನೂ ಕೇಳಿಸಿಕೊಂಡು, ಸಿಟ್ಟಾಗದೆ ಒಬ್ಬೊಬ್ಬರಿಗೂ ಉತ್ತರ ಕೊಡುವ ಯಂತ್ರ. ನಮ್ಮ ಮಠದಲ್ಲಿ ಅಂಥದ್ದು ಒಂದೂ ಇಲ್ಲ. ಅದರ ತಲೆಗೆ ಪ್ರೊಸೆಸರ್ ಎನ್ನುತ್ತಾರೆ."

ಮಂಡಿಯ ಬಾಗಿಲ ಮೇಲೆ ವರ್ತಕ ಒಂದು ಫಲಕ ಹಾಕಿದ್ದ. ಕೆಲವು ರೀಲರುಗಳು ಕೂಗಿ ಆಮೇಲೆ ದುಡ್ಡು ಕೊಡದೆ ಕೈ ಎತ್ತುತ್ತಿದ್ದರು. ಅದರಿಂದ ರೈತರು ಬೇರೆ ಮಂಡಿಗೆ ಹೋಗತೊಡಗಿದ್ದರು. ಅವರನ್ನು ಉಳಿಸಿಕೊಳ್ಳಲು ಹಾಕಿದ ಫಲಕ ಅದು. ಅದರಲ್ಲಿ ಮೂರು ಮಾತು ಇದ್ದವು. ಚೀಟಿ ಹರಿದ ಗೂಡು ಮಾರಾಟವಾಗದೆ ಹೊರಗೆ ಹೋಗುವಂತಿಲ್ಲ. ಸರ್ವರಿನಲ್ಲಿ ದಾಖಲಾದ ಕೂಗೇ ಕೊನೆಯ ಕೂಗು. ಕೂಗಿದವನು ಸಿಗದಿದ್ದರೆ ಮಂಡಿಯ ಯಜಮಾನನೇ ಹೊಣೆ.

ಮೂರನ್ನೂ ವರ್ತಕನೇ ಯೋಚಿಸಿ ಬರೆಸಿದ್ದ. ಅದರ ಬಗ್ಗೆ ಅವನಿಗೆ ಬಹಳ ಹೆಮ್ಮೆ.

ಅವನ ಸರ್ವರ್ ಹಳೆಯದು. ಬೆಳಗಿನ ಹೊತ್ತು ಚೆನ್ನಾಗಿಯೇ ಓಡುತ್ತಿತ್ತು. ಹನ್ನೊಂದು ಗಂಟೆಯ ಹೊತ್ತಿಗೆ, ಕೂಗು ಏರಿದಾಗ, ಸುಮ್ಮನೆ ನಿಂತುಬಿಡುತ್ತಿತ್ತು. ರೀಲರುಗಳು ಹೊರಗೆ ಹೋಗಿ ಟೀ ಕುಡಿದು ಬರುತ್ತಿದ್ದರು. ಅಷ್ಟರಲ್ಲಿ ಅದು ಎದ್ದಿರುತ್ತಿತ್ತು. ಹೀಗೆ ಆರು ವರ್ಷ ನಡೆಯಿತು. ಟೀ ಅಂಗಡಿಯವನು ಎರಡು ಅಂತಸ್ತಿನ ಮನೆ ಕಟ್ಟಿದ.

ಒಂದು ದಿನ ವರ್ತಕ ಆ ಮನೆಯನ್ನು ನೋಡಿದ. ಹೊಸ ಸರ್ವರ್ ತರಿಸಬೇಕೆಂದು ತೀರ್ಮಾನಿಸಿದ.

ಇಬ್ಬರು ಪರಿಣತರನ್ನು ಕರೆಸಿದ. ಒಬ್ಬ ಕಪ್ಪು ಪೆಟ್ಟಿಗೆ ತಂದ. ಇನ್ನೊಬ್ಬ ಬಿಳಿ ಪೆಟ್ಟಿಗೆ ತಂದ. ಎರಡೂ ಸರ್ವರುಗಳೇ. ತಲೆ ಮಾತ್ರ ಬೇರೆ.

ಕಪ್ಪು ಪೆಟ್ಟಿಗೆಯ ಪ್ರೊಸೆಸರಿಗೆ ತೊಂಬತ್ತಾರು ಕೋರುಗಳು. ಬಿಳಿಯದಕ್ಕೆ ನೂರ ನಲವತ್ತನಾಲ್ಕು. ಒಂದು ಕೋರ್ ಎಂದರೆ ಒಬ್ಬ ಗುಮಾಸ್ತ ಎಂದುಕೋ. ಕಪ್ಪಿನೊಳಗೆ ತೊಂಬತ್ತಾರು ಚುರುಕು ಗುಮಾಸ್ತರು. ಊಟ ಜಾಸ್ತಿ, ಕೆಲಸ ಬೇಗ. ಬಿಳಿಯೊಳಗೆ ನೂರ ನಲವತ್ತನಾಲ್ಕು ನಿಧಾನದ ಗುಮಾಸ್ತರು. ಊಟ ಕಡಿಮೆ, ಜನ ಜಾಸ್ತಿ. ಬೆಲೆಯಲ್ಲಿ ಬಿಳಿಯದು ಕಪ್ಪಿಗಿಂತ ಮೂರನೇ ಒಂದು ಪಾಲು ಕಡಿಮೆ.

"ಎರಡರಲ್ಲಿ ಯಾವುದು ಒಳ್ಳೆಯದು?" ಎಂದು ವರ್ತಕ ಕೇಳಿದ.

"ನನ್ನದು" ಎಂದರು ಇಬ್ಬರೂ.

ವರ್ತಕನಿಗೆ ನ್ಯಾಯದ ಹುಚ್ಚು. "ಹಾಗಾದ್ರೆ ಹೋಲಿಸಿ ನೋಡೋಣ. ಮೊದಲು ವೇಗ. ಆಮೇಲೆ ಕೊಟ್ಟ ದುಡ್ಡಿಗೆ ತಕ್ಕ ಕೆಲಸ. ಆಮೇಲೆ ಕರೆಂಟು. ಒಂದು ಕೂದಲೆಳೆಯಷ್ಟೂ ಮೋಸ ಇರಬಾರದು" ಎಂದ.

ಅದು ಸೋಮವಾರ.

ಆ ಬೆಳಿಗ್ಗೆ ಎಲ್ಲರಿಗಿಂತ ಮೊದಲು ಒಬ್ಬಳು ರೈತ ಹೆಂಗಸು ಗೂಡು ತಂದಿದ್ದಳು. ಅರವತ್ತು ಕಿಲೋ. ಒಂದನೇ ಲಾಟು. ಚೀಟಿ ಹರಿದಾಗಿತ್ತು. ಅವಳ ಹಿಂದೆ ಬಂದವರಿಗೆ ಚೀಟಿ ಹರಿಯುವ ಮೊದಲೇ ಹರಾಜು ನಿಂತಿತು. ಅವರು ಗೂಡನ್ನು ಮತ್ತೆ ಚೀಲಕ್ಕೆ ತುಂಬಿಕೊಂಡು ಬೇರೆ ಊರಿಗೆ ಹೋದರು. ಮೊದಲು ಬಂದದ್ದು ಇವಳ ತಪ್ಪು.

"ಹರಾಜು ಯಾಕೆ ನಿಂತಿತು?" ಎಂದು ಶಿಷ್ಯ ಕೇಳಿದ.

ಸರ್ವರಿನ ಕೋಣೆಗೆ ದಪ್ಪ ತಂತಿ ಒಂದೇ ಇತ್ತು. ಅದರಲ್ಲಿ ಹಳೆಯ ಸರ್ವರ್ ನಡೆಯುತ್ತಿತ್ತು. ಹೊಸದನ್ನು ಬೇರೆ ತಂತಿಗೆ ಹಾಕಿದರೆ ಹೋಲಿಕೆ ನ್ಯಾಯವಾಗುವುದಿಲ್ಲ ಎಂದರು ಪರಿಣತರು. ಆ ಒಂದು ಮಾತಿನಲ್ಲಿ ಇಬ್ಬರೂ ಒಂದಾದರು. ಹಳೆಯ ಸರ್ವರಿನ ತಂತಿ ಕಿತ್ತರು.

ಹೆಂಗಸು ವರ್ತಕನ ಹತ್ತಿರ ಬಂದಳು.

"ಯಜಮಾನ್ರೇ, ನನ್ ಗೂಡು?"

"ಇರಮ್ಮ. ಮೂರು ದಿನದ ಕೆಲಸ."

"ಹುಳ ಗೂಡು ಕಟ್ಟಿ ಆಗ್ಲೇ ಆರು ದಿನ ಆಯ್ತು. ಹನ್ನೆರಡಕ್ಕೆ ಚಿಟ್ಟೆ ಆಯ್ತದೆ. ಚಿಟ್ಟೆ ತೂತು ಕೊರ್ದು ಆಚೆ ಬಂದ್ರೆ ನೂಲೆಲ್ಲ ತುಂಡು. ಆಮೇಲೆ ಅದ್ನ ಯಾರೂ ಮೂಸಾಕಿಲ್ಲ."

"ಆರು ದಿನ ಇದೆ. ನಾನು ಕೇಳ್ತಿರೋದು ಮೂರು."

"ಚೀಟಿ ವಾಪಸ್ ತಗೊಳ್ಳಿ. ನಾನೂ ಬೇರೆ ಊರಿಗೆ ಹೋಯ್ತೀನಿ."

ವರ್ತಕ ಫಲಕದ ಕಡೆ ಕೈ ತೋರಿಸಿದ.

ಅವಳು ಫಲಕವನ್ನು ಮೇಲಿಂದ ಕೆಳಗಿನವರೆಗೆ ಓದಿದಳು. ಇನ್ನೊಂದು ಸಲ ಓದಿದಳು. ಹೋಗಿ ತನ್ನ ತಟ್ಟೆಯ ಪಕ್ಕದಲ್ಲಿ ಕೂತಳು.

ಅವಳಿಗೆ ಬೇರೆ ಜಮೀನಿರಲಿಲ್ಲ. ಹಿಪ್ಪುನೇರಳೆಯ ಒಂದು ತುಂಡು ತೋಟ, ಒಂದು ಹುಳುಮನೆ. ನಾಲ್ಕು ವಾರ ನಿದ್ದೆ ಕೆಟ್ಟು ಸೊಪ್ಪು ಹಾಕಿದ ಬೆಳೆ ಆ ತಟ್ಟೆಯಲ್ಲಿತ್ತು.

ಗುರು ನಿಲ್ಲಿಸಿದರು. "ಕೈಯಲ್ಲಿರುವುದು ಏನು?"

ಶಿಷ್ಯ ನೋಡಿಕೊಂಡ. "ಸೌಟು, ಗುರುಗಳೇ."

"ಸರಿ."

ಮೊದಲ ದಿನ ವೇಗದ ಪರೀಕ್ಷೆ. ಪರೀಕ್ಷೆಗೆ ಒಂದು ನಿಜವಾದ ಲಾಟು ಬೇಕು ಎಂದರು ಪರಿಣತರು. ಮಂಡಿಯಲ್ಲಿ ಉಳಿದಿದ್ದದ್ದು ಒಂದೇ. ಎರಡು ಸರ್ವರುಗಳಲ್ಲೂ ಅದನ್ನೇ ಬರೆದರು. ಒಂದನೇ ಲಾಟು, ಅರವತ್ತು ಕಿಲೋ.

ಮಂಡಿಯಲ್ಲಿ ನಲವತ್ತು ರೀಲರುಗಳಿದ್ದರು. ವರ್ತಕ ಉಪ್ಪಿಟ್ಟು ಕೊಡಿಸಿ ಅವರನ್ನು ಉಳಿಸಿಕೊಂಡಿದ್ದ. ನಲವತ್ತು ಜನರೂ ಒಟ್ಟಿಗೆ ಒತ್ತಿದರು. ಕಪ್ಪು ಪೆಟ್ಟಿಗೆ ಕಣ್ಣು ಮಿಟುಕಿಸುವುದರೊಳಗೆ ಮುಗಿಸಿತು. ಬಿಳಿ ಪೆಟ್ಟಿಗೆಯೂ ಕಣ್ಣು ಮಿಟುಕಿಸುವುದರೊಳಗೆ ಮುಗಿಸಿತು.

"ಸಾಕಲ್ಲ" ಎಂದ ಒಬ್ಬ ರೀಲರ್. "ಯಾವುದಾದ್ರೂ ಒಂದು ಇಡಿ. ಹರಾಜು ಶುರು ಮಾಡಿ."

ಪರಿಣತರು ಅವನನ್ನು ಕನಿಕರದಿಂದ ನೋಡಿದರು. ನಲವತ್ತು ಜನ ಒತ್ತಿದರೆ ಇಂಥ ಪ್ರೊಸೆಸರುಗಳಿಗೆ ಎಚ್ಚರವೂ ಆಗುವುದಿಲ್ಲ ಎಂದರು. ಹತ್ತು ಲಕ್ಷ ಸುಳ್ಳು ರೀಲರುಗಳನ್ನು ತಯಾರು ಮಾಡಿದರು. ಅವರಿಗೆ ಮೈಯಿಲ್ಲ, ಬಾಯಿಲ್ಲ. ಕೂಗುವುದೊಂದೇ ಕೆಲಸ. ಹತ್ತು ಲಕ್ಷ ಜನರೂ ಒಂದೇ ಕ್ಷಣದಲ್ಲಿ ಒಂದನೇ ಲಾಟಿಗೆ ಕೂಗಿದರು.

"ನಾವಿರೋದೇ ನಲವತ್ತು ಜನ ಸಾರ್" ಎಂದ ಅದೇ ರೀಲರ್. "ಹತ್ತು ಲಕ್ಷ ಜನ ಬಂದ್ರೆ ಚಪ್ಪಲಿ ಬಿಡೋದೆಲ್ಲಿ?"

"ಮುಂದೆ ಬೆಳೆಯೋದು ಬೇಡವೇನ್ರೀ?" ಎಂದರು ಪರಿಣತರು.

ಸುಳ್ಳು ರೀಲರುಗಳಿಗೆ ಉಪ್ಪಿಟ್ಟಿನ ಖರ್ಚಿಲ್ಲ, ಬೆಲೆಯ ಭಯವೂ ಇಲ್ಲ. ಆ ದಿನಗಳಲ್ಲಿ ಒಳ್ಳೆಯ ಗೂಡು ಕಿಲೋಗೆ ಐನೂರು ರೂಪಾಯಿಯ ಆಸುಪಾಸಿನಲ್ಲಿತ್ತು. ಬೋರ್ಡಿನ ಮೇಲೆ ಅಂಕಿ ಏರತೊಡಗಿತು. ಆರುನೂರು. ಎಂಟುನೂರು. ಬೆಲೆ ಬರೆಯುವ ಜಾಗದಲ್ಲಿ ಮೂರೇ ಅಂಕಿ ಹಿಡಿಯುತ್ತಿದ್ದವು. ಒಂಬೈನೂರ ತೊಂಬತ್ತೊಂಬತ್ತಕ್ಕೆ ಹೋಗಿ ನಿಂತಿತು.

ಹೆಂಗಸು ಎದ್ದು ನಿಂತಳು. ಸೆರಗು ಸರಿಮಾಡಿಕೊಂಡಳು.

"ಅಮ್ಮಾ, ಅದು ಪರೀಕ್ಷೆ. ನಿಜ ಅಲ್ಲ. ಕೂತ್ಕೊಳ್ಳಿ" ಎಂದ ವರ್ತಕ.

ಅವಳು ಕೂತಳು.

ಬಿಳಿ ಪೆಟ್ಟಿಗೆಯಲ್ಲೂ ಅಷ್ಟೇ ಆಯಿತು. ಅಲ್ಲೂ ಒಂಬೈನೂರ ತೊಂಬತ್ತೊಂಬತ್ತು. ಅವಳು ಈ ಸಲ ಏಳಲಿಲ್ಲ. ಬೋರ್ಡನ್ನು ಮಾತ್ರ ನೋಡಿದಳು. ವೇಗದಲ್ಲಿ ಕಪ್ಪು ನೂರಕ್ಕೆ ಹನ್ನೊಂದು ಪಾಲು ಮುಂದಿತ್ತು. ಕಪ್ಪು ಪೆಟ್ಟಿಗೆಯವನು ಎಲ್ಲರಿಗೂ ಟೀ ಕೊಡಿಸಿದ.

ಎರಡನೆಯ ದಿನ ಬೆಲೆಯ ಹೋಲಿಕೆ. ಬೆಲೆಯನ್ನು ಕೆಲಸದಿಂದ ಭಾಗಿಸಿದರು. ಬಿಳಿ ಗೆದ್ದಿತು. ಬಿಳಿ ಪೆಟ್ಟಿಗೆಯವನು ಟೀಗೆ ಹೇಳಿ ಕಳಿಸಿದ. ಟೀ ಬರುವುದರೊಳಗೆ ಕಪ್ಪು ಪೆಟ್ಟಿಗೆಯವನು ಒಂದು ಕಾಗದ ತೆಗೆದ. ಹರಾಜು ನಡೆಸುವ ಸಾಫ್ಟ್‌ವೇರಿಗೆ ಕೋರಿನ ಲೆಕ್ಕದಲ್ಲಿ ವರ್ಷ ವರ್ಷ ಹಣ ಕಟ್ಟಬೇಕು ಎಂದು ಅದರಲ್ಲಿತ್ತು. ಗುಮಾಸ್ತರು ಜಾಸ್ತಿಯಾದರೆ ತಲೆಗಂದಾಯವೂ ಜಾಸ್ತಿ. ಈಗ ಕಪ್ಪು ಗೆದ್ದಿತು. ಬಿಳಿ ಪೆಟ್ಟಿಗೆಯವನು ಟೀ ವಾಪಸ್ಸು ಕಳಿಸಿದ. ಐದು ವರ್ಷಕ್ಕೆ ಲೆಕ್ಕ ಹಾಕಿದರೆ ಕಪ್ಪು, ಮೂರು ವರ್ಷಕ್ಕೆ ಹಾಕಿದರೆ ಬಿಳಿ ಎಂದ. ವರ್ತಕ ಇಬ್ಬರಿಗೂ ತಲೆಯಾಡಿಸಿದ. ಸಂಜೆ ಅವನ ಕುತ್ತಿಗೆ ಹಿಡಿದುಕೊಂಡಿತು.

ಮೂರನೆಯ ದಿನ ಕರೆಂಟಿನ ಪರೀಕ್ಷೆ.

ಪೆಟ್ಟಿಗೆ ಎಷ್ಟು ಕರೆಂಟು ತಿನ್ನುತ್ತದೆ ಎಂದು ತಿಳಿಯಲು ಅದನ್ನು ಪೂರ್ತಿ ದುಡಿಸಬೇಕು. ಬೆಳಿಗ್ಗೆ ಆರು ತಾಸು ಕಪ್ಪು, ಮಧ್ಯಾಹ್ನದಿಂದ ಆರು ತಾಸು ಬಿಳಿ. ಹತ್ತು ಲಕ್ಷ ಸುಳ್ಳು ರೀಲರುಗಳು ಪುರಸೊತ್ತಿಲ್ಲದೆ ಕೂಗಿದರು. ಮೀಟರು ಗಿರ್ರನೆ ತಿರುಗಿತು.

ತಿಂದ ಕರೆಂಟು ಬಿಸಿಯಾಗಿ ಹೊರಗೆ ಬರಲೇಬೇಕು. ಕೋಣೆ ಹಂಚಿನ ಹಾಗೆ ಕಾದಿತು. ಪ್ರೊಸೆಸರ್ ಕಾದರೆ ನಿಧಾನವಾಗುತ್ತದೆ, ಅದು ನ್ಯಾಯವಲ್ಲ ಎಂದರು ಪರಿಣತರು. ವರ್ತಕ ಗೋಡೆ ಒಡೆಸಿ ಒಂದು ದೊಡ್ಡ ಫ್ಯಾನು ಕೂರಿಸಿದ. ಒಳಗಿನ ಬಿಸಿಯನ್ನೆಲ್ಲ ಅದು ಎಳೆದು ಆಚೆಗೆ ಹಾಕಿತು. ಕೋಣೆ ತಣ್ಣಗಾಯಿತು. ಎಲ್ಲರಿಗೂ ಸಮಾಧಾನವಾಯಿತು.

ಗೋಡೆಯ ಆಚೆಗೆ ಮಂಡಿಯ ಹಜಾರ. ಹಜಾರದಲ್ಲಿ, ಫ್ಯಾನಿಗೆ ಎದುರಾಗಿ, ಒಂದನೇ ಲಾಟು.

"ಅಯ್ಯೋ" ಎಂದ ಶಿಷ್ಯ. ಸೌಟಿನಿಂದ ಬೆನ್ನು ಕೆರೆದುಕೊಂಡ. "ಅವಳು ತಟ್ಟೆಯನ್ನು ಆಚೆ ಎಳೆದುಕೊಳ್ಳಬಾರದಿತ್ತೇ?"

ಎಳೆಯಲು ಹೋದಳು. ತಟ್ಟೆ ತಕ್ಕಡಿಯ ಮೇಲಿತ್ತು. ತಕ್ಕಡಿಯಿಂದ ಸರ್ವರಿಗೆ ತಂತಿ ಹೋಗಿತ್ತು. ತೂಕ ನಿಮಿಷಕ್ಕೊಮ್ಮೆ ದಾಖಲಾಗುತ್ತಿತ್ತು. ಪರಿಣತರು ಇಬ್ಬರೂ ಓಡಿ ಬಂದರು.

"ಮುಟ್ಟಬೇಡಿ! ಲಾಟು ಕದಲಿದ್ರೆ ಮೊದಲಿಂದ ಮಾಡ್ಬೇಕಾಗುತ್ತೆ!"

"ಬಿಸಿ ಹೊಡೀತದೆ ಕಣಪ್ಪಾ. ಬಿಸಿ ಬಿದ್ರೆ ಒಳಗಿರೋದು ಬೇಗ ಹಣ್ಣಾಯ್ತದೆ. ಎರಡು ದಿನ ಮುಂಚೇನೇ ಚಿಟ್ಟೆ ಬತ್ತದೆ."

"ಇದು ಬರೀ ಗಾಳಿ ಅಮ್ಮಾ."

ಅವಳು ಒಬ್ಬನ ಕೈ ಹಿಡಿದು ಆ ಗಾಳಿಗೆ ಒಡ್ಡಿದಳು. ಅವನು ಕೈ ಎಳೆದುಕೊಂಡ. "ಕಪ್ಪು ಪೆಟ್ಟಿಗೆ ಇಷ್ಟು ಬಿಸಿ ಬಿಡುತ್ತೆ ಅಂತ ನಾನು ಮೊದಲೇ ಹೇಳಿದ್ದೆ" ಎಂದ. ಅವನು ಬಿಳಿ ಪೆಟ್ಟಿಗೆಯವನು.

ಅವಳು ವರ್ತಕನ ಹತ್ತಿರ ಹೋದಳು. ವರ್ತಕನ ಕುತ್ತಿಗೆ ಇನ್ನೂ ತಿರುಗುತ್ತಿರಲಿಲ್ಲ. ಅವನು ಮೀಟರಿನ ಕಡೆ ಮುಖ ಮಾಡಿ ನಿಂತಿದ್ದ.

"ಯಜಮಾನ್ರೇ, ಈ ಕಡೆ ಒಸಿ ನೋಡಿ."

"ನೋಡಕ್ಕಾಗ್ತಿಲ್ಲಮ್ಮ. ಇವತ್ತು ಕರೆಂಟು ಮುಗೀಲಿ. ನಿಮ್ಮದು ಆಮೇಲೆ."

ಅವಳು ತನ್ನ ಸೆರಗನ್ನು ಬಿಚ್ಚಿ ಗೂಡಿನ ಮೇಲೆ ಮರೆಯಾಗಿ ಹಿಡಿದು ಕೂತಳು. ಸಂಜೆಯವರೆಗೂ ಹಿಡಿದಿದ್ದಳು.

ಸಂಜೆ ಒಂದು ಹೊಸ ಜಗಳ ಎದ್ದಿತು. ಕಪ್ಪು ಪೆಟ್ಟಿಗೆಯಲ್ಲಿ ಲಾಟಿನ ತೂಕ ಐವತ್ತೊಂಬತ್ತು ಕಿಲೋ ಇನ್ನೂರು ಗ್ರಾಂ ಇತ್ತು. ಬಿಳಿಯದರಲ್ಲಿ ಐವತ್ತೆಂಟು ಕಿಲೋ ಆರುನೂರು ಗ್ರಾಂ ಇತ್ತು.

"ನಿನ್ನ ಪ್ರೊಸೆಸರ್ ಆರುನೂರು ಗ್ರಾಂ ನುಂಗಿದೆ" ಎಂದ ಕಪ್ಪು ಪೆಟ್ಟಿಗೆಯವನು. "ಅದಕ್ಕೆ ಕೂಡೋಕೆ ಬರಲ್ಲ."

ಬಿಳಿ ಪೆಟ್ಟಿಗೆಯವನಿಗೆ ಅವಮಾನವಾಯಿತು. ಬೆಳಿಗ್ಗೆ ಕೋಣೆ ತಣ್ಣಗಿರುತ್ತದೆ, ಬೆಳಿಗ್ಗೆ ಓಡಿದ್ದಕ್ಕೆ ಅನುಕೂಲ ಜಾಸ್ತಿ ಎಂದ. ಸರದಿ ಬದಲಿಸಿ ಇನ್ನೊಂದು ದಿನ ಮಾಡಬೇಕು ಎಂದ. ವರ್ತಕ ಒಪ್ಪಿದ. ಅವನಿಗೆ ನ್ಯಾಯ ಬೇಕಾಗಿತ್ತು.

ನಾಲ್ಕನೆಯ ದಿನ ಬೆಳಿಗ್ಗೆ ಬಿಳಿ, ಮಧ್ಯಾಹ್ನ ಕಪ್ಪು. ಬಿಳಿಯದರಲ್ಲಿ ತೂಕ ಐವತ್ತೆಂಟು ಕಿಲೋ ನೂರು ಗ್ರಾಂ. ಕಪ್ಪಿನಲ್ಲಿ ಐವತ್ತೇಳು ಕಿಲೋ ನಾನೂರು ಗ್ರಾಂ.

"ಈಗ ನುಂಗಿದ್ದು ಯಾರು?" ಎಂದ ಬಿಳಿ ಪೆಟ್ಟಿಗೆಯವನು.

ಇಬ್ಬರೂ ತಕ್ಕಡಿಯನ್ನು ಸುತ್ತಿ ನೋಡಿದರು. ಆಮೇಲೆ ತಕ್ಕಡಿ ಕೆಟ್ಟಿದೆ ಎಂದು ಒಪ್ಪಂದಕ್ಕೆ ಬಂದರು. ಹೊಸ ತಕ್ಕಡಿ ತರಿಸಿದರು. ಅದು ಐವತ್ತೇಳು ಕಿಲೋ ಮುನ್ನೂರು ಗ್ರಾಂ ತೋರಿಸಿತು. ಹೊಸದೂ ಕೆಟ್ಟಿದೆ ಎಂದರು.

ಹೆಂಗಸು ನಕ್ಕಳು. ನಾಲ್ಕು ದಿನದಲ್ಲಿ ಅವಳು ನಕ್ಕದ್ದು ಅದೇ ಮೊದಲು.

"ಗೂಡು ಒಣಗ್ತಾ ಅದೆ ಕಣ್ರಪ್ಪಾ" ಎಂದಳು. "ನಿಮ್ ಯಂತ್ರ ಎರಡೂ ಸುಳ್ ಹೇಳ್ತಿಲ್ಲ."

ಪರಿಣತರು ಅದನ್ನು ಬರೆದುಕೊಳ್ಳಲಿಲ್ಲ. ಅದು ಪರೀಕ್ಷೆಯ ಪಟ್ಟಿಯಲ್ಲಿರಲಿಲ್ಲ.

ಗುರು ಮತ್ತೆ ನಿಲ್ಲಿಸಿದರು. "ಹೊತ್ತು ಎಷ್ಟಾಯಿತು?"

"ಹನ್ನೆರಡು ಆಗಿರಬೇಕು ಗುರುಗಳೇ. ಮುಂದೆ ಹೇಳಿ. ಯಾವುದು ಗೆದ್ದಿತು?"

ಗುರು ಸೌಟನ್ನು ಇನ್ನೊಮ್ಮೆ ನೋಡಿದರು. ಮುಂದೆ ಹೇಳಿದರು.

ಶುಕ್ರವಾರ ಬೆಳಿಗ್ಗೆ ತೀರ್ಪು. ಹಜಾರದಲ್ಲಿ ಮೇಜು ಹಾಕಿದರು. ರೀಲರುಗಳು ಬಂದರು. ಟೀ ಅಂಗಡಿಯವನೂ ಬಂದ. ಪರಿಣತರು ನಲವತ್ತು ಪುಟದ ವರದಿಯನ್ನು ಮೇಜಿನ ಮೇಲಿಟ್ಟು ನಿಂತು ಓದಿದರು.

ವೇಗದಲ್ಲಿ ಕಪ್ಪು ಮುಂದು, ನೂರಕ್ಕೆ ಹನ್ನೊಂದು. ಬೆಲೆಯಲ್ಲಿ ಬಿಳಿ ಮುಂದು, ನೂರಕ್ಕೆ ಒಂಬತ್ತು, ಮೂರು ವರ್ಷಕ್ಕೆ ಮಾತ್ರ. ಕರೆಂಟಿನಲ್ಲಿ ಬಿಳಿ ಕಡಿಮೆ ತಿನ್ನುತ್ತದೆ, ಆದರೆ ಅದೇ ಕೆಲಸಕ್ಕೆ ಹೆಚ್ಚು ಹೊತ್ತು ತಿನ್ನುತ್ತದೆ. ಕೊನೆಗೆ ಎರಡೂ ಹೆಚ್ಚು ಕಡಿಮೆ ಸಮ.

"ಅದೆಲ್ಲ ಸರಿ" ಎಂದ ವರ್ತಕ. ಕುತ್ತಿಗೆ ಹಿಡಿದಿದ್ದರಿಂದ ಇಡೀ ಮೈಯನ್ನು ಅವರ ಕಡೆ ತಿರುಗಿಸಿದ. "ಯಾವುದು ಕೊಳ್ಳಲಿ? ಒಂದೇ ಮಾತು ಹೇಳಿ."

ಪರಿಣತರು ಒಬ್ಬರನ್ನೊಬ್ಬರು ನೋಡಿಕೊಂಡರು.

"ಅದು ನಿಮ್ಮ ಕೆಲಸ ಏನು ಅನ್ನೋದರ ಮೇಲೆ ಹೋಗುತ್ತೆ ಸಾರ್" ಎಂದ ಒಬ್ಬ.

"ಹೌದು" ಎಂದ ಇನ್ನೊಬ್ಬ. "ನಿಮ್ಮ ಕೆಲಸ ಏನು?"

ಹಜಾರ ನಿಶ್ಶಬ್ದವಾಯಿತು. ಆ ನಿಶ್ಶಬ್ದದಲ್ಲಿ ಒಂದು ಸದ್ದು ಕೇಳಿಸಿತು. ಕರಕರ, ಕರಕರ. ಒಂದು ಕಡೆಯಿಂದಲ್ಲ. ಇಡೀ ತಟ್ಟೆಯಿಂದ.

ಒಂದು ಗೂಡಿನ ತುದಿ ಒದ್ದೆಯಾಯಿತು. ತೂತಾಯಿತು. ಒಂದು ಬಿಳಿಯ ಚಿಟ್ಟೆ ಹೊರಗೆ ಬಂತು. ರೇಷ್ಮೆಯ ಚಿಟ್ಟೆಗೆ ಹಾರಲು ಬಾರದು. ಅದು ರೆಕ್ಕೆ ಬಡಿಯುತ್ತಾ ತಟ್ಟೆಯ ಅಂಚಿಗೆ ನಡೆಯಿತು. ಅದರ ಹಿಂದೆ ಇನ್ನೊಂದು. ಅದರ ಹಿಂದೆ ನೂರು. ಆಮೇಲೆ ಯಾರೂ ಎಣಿಸಲಿಲ್ಲ.

ಅವು ಮೇಜು ಹತ್ತಿದವು. ವರದಿಯ ಮೇಲೆ ಕೂತು ಮೊಟ್ಟೆ ಇಟ್ಟವು. ಮೊಟ್ಟೆ ಸಣ್ಣದು, ಸೊನ್ನೆಯ ಹಾಗೆ ದುಂಡಗೆ, ಸಾಲಾಗಿ ಅಂಟಿಕೊಳ್ಳುತ್ತದೆ. ಹನ್ನೊಂದು ಎಂದಿದ್ದಲ್ಲಿ ಸಾವಿರದ ನೂರು ಎಂದು ಕಾಣತೊಡಗಿತು. ಒಬ್ಬ ಪರಿಣತ ಊದಿದ. ಹೋಗಲಿಲ್ಲ.

ಹೆಂಗಸು ಎದ್ದಳು. ಎಲ್ಲರೂ ಅವಳು ಅಳುತ್ತಾಳೆ ಎಂದುಕೊಂಡರು. ಅವಳು ಸೊಂಟದಿಂದ ಚೀಟಿ ತೆಗೆದಳು.

"ಯಜಮಾನ್ರೇ, ಒಂದನೇ ಲಾಟು. ಅರವತ್ತು ಕಿಲೋ. ಇಗೊಳ್ಳಿ ಚೀಟಿ. ದುಡ್ಡು ಕೊಡಿ."

"ಯಾವ ದುಡ್ಡಮ್ಮ? ಹರಾಜೇ ಆಗಿಲ್ವಲ್ಲ."

"ಆಗದೆ. ಕರೀ ಪೆಟ್ಗೆ ಕೇಳಿ."

ಯಾರೋ ಕಪ್ಪು ಪೆಟ್ಟಿಗೆಯನ್ನು ಕೇಳಿದರು. ಬೋರ್ಡಿನ ಮೇಲೆ ಬಂತು: ಒಂದನೇ ಲಾಟು, ಅರವತ್ತು ಕಿಲೋ, ಕಿಲೋಗೆ ಒಂಬೈನೂರ ತೊಂಬತ್ತೊಂಬತ್ತು.

"ಬಿಳೀದನ್ನೂ ಕೇಳಿ. ಆಮ್ಯಾಕೆ ನ್ಯಾಯ ಆಗ್ಲಿಲ್ಲ ಅಂದೀರಿ."

ಬಿಳಿ ಪೆಟ್ಟಿಗೆಯನ್ನೂ ಕೇಳಿದರು. ಒಂದನೇ ಲಾಟು, ಅರವತ್ತು ಕಿಲೋ, ಕಿಲೋಗೆ ಒಂಬೈನೂರ ತೊಂಬತ್ತೊಂಬತ್ತು.

ನಾಲ್ಕು ದಿನದ ಹೋಲಿಕೆಯಲ್ಲಿ ಎರಡು ಪ್ರೊಸೆಸರುಗಳೂ ಒಂದು ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲದೆ ಒಪ್ಪಿಕೊಂಡದ್ದು ಅದೊಂದೇ.

"ಅದು ಪರೀಕ್ಷೆ ಅಂತ ಅವತ್ತೇ ಹೇಳಿದೆನಲ್ಲಮ್ಮ!"

ಅವಳು ಫಲಕದ ಕಡೆ ಕೈ ತೋರಿಸಿದಳು. ಸರ್ವರಿನಲ್ಲಿ ದಾಖಲಾದ ಕೂಗೇ ಕೊನೆಯ ಕೂಗು.

"ಕೂಗಿದೋರು ಯಾರಮ್ಮ? ಅವರು ಮನುಷ್ಯರೇ ಅಲ್ಲ!"

ಅವಳು ಕೈಯನ್ನು ಒಂದು ಸಾಲು ಕೆಳಗೆ ಇಳಿಸಿದಳು. ಕೂಗಿದವನು ಸಿಗದಿದ್ದರೆ ಮಂಡಿಯ ಯಜಮಾನನೇ ಹೊಣೆ.

"ಹತ್ತು ಲಕ್ಷ ಜನ ಕೂಗವ್ರೆ. ಒಬ್ಬನಾದ್ರೂ ಸಿಕ್ತಾನಾ ಹುಡುಕಿ. ನಾನು ಕಾಯ್ತೀನಿ. ಕಾಯೋದು ಅಭ್ಯಾಸ ಆಗದೆ" ಎಂದಳು.

ರೀಲರುಗಳು ವರ್ತಕನನ್ನು ನೋಡಿದರು. ಹಿಂದೆ ಆ ಫಲಕ ತೋರಿಸಿ ಅವನು ಅವರಿಂದ ದಂಡ ಕಕ್ಕಿಸಿದ್ದ. ಈಗ ಇವನು ಕೈ ಎತ್ತಿದರೆ ನಾಳೆಯಿಂದ ಫಲಕಕ್ಕೆ ಬೆಲೆಯಿಲ್ಲ. ಫಲಕಕ್ಕೆ ಬೆಲೆಯಿಲ್ಲದಿದ್ದರೆ ಮಂಡಿಗೆ ರೈತರಿಲ್ಲ. ಅದು ವರ್ತಕನಿಗೂ ಗೊತ್ತಾಯಿತು. ಅವನು ನ್ಯಾಯದ ಹುಚ್ಚಿನವನು. ಆ ಹುಚ್ಚು ಅವನ ಕಡೆಗೇ ತಿರುಗಿತು.

ಸರ್ವರಿಗೆಂದು ತೆಗೆದಿಟ್ಟಿದ್ದ ಹಣದಲ್ಲಿ ಅವಳಿಗೆ ಕೊಟ್ಟ. ತೂತುಗೂಡೆಲ್ಲ ಅವನದಾಯಿತು. ಚಿಟ್ಟೆಗಳೂ ಅವನದಾದವು.

ಉಳಿದ ಹಣಕ್ಕೆ ಹೊಸ ಸರ್ವರ್ ಬರಲಿಲ್ಲ. ಕಪ್ಪೂ ಬರಲಿಲ್ಲ, ಬಿಳಿಯೂ ಬರಲಿಲ್ಲ. ಹಳೆಯದಕ್ಕೆ ಮತ್ತೆ ತಂತಿ ಚುಚ್ಚಿದರು. ಹೆಂಗಸು ಹೋಗುವಾಗ ಬಾಗಿಲಲ್ಲಿ ನಿಂತು ಹಿಂತಿರುಗಿ ಹೇಳಿದಳು.

"ಆ ಫ್ಯಾನ್ನ ಬೀದಿ ಕಡೀಕೆ ತಿರುಗ್ಸಿ ಯಜಮಾನ್ರೇ."

ತಿರುಗಿಸಿದರು. ಸೋಮವಾರ ಹನ್ನೊಂದು ಗಂಟೆಗೆ ಕೂಗು ಏರಿತು. ಹಳೆಯ ಸರ್ವರ್ ನಿಲ್ಲಲಿಲ್ಲ. ಮಂಗಳವಾರವೂ ನಿಲ್ಲಲಿಲ್ಲ. ಆರು ವರ್ಷದಿಂದ ಅದು ಸೆಕೆಗೆ ನಿಲ್ಲುತ್ತಿತ್ತು. ಅದನ್ನು ಯಾವುದರ ಜೊತೆಗೂ ಯಾರೂ ಹೋಲಿಸಿರಲಿಲ್ಲ. ಅದಕ್ಕೆ ಏನಾಗಿದೆ ಎಂದು ನೋಡಿಯೂ ಇರಲಿಲ್ಲ.

ಟೀ ಅಂಗಡಿಯವನು ಮೂರನೇ ಅಂತಸ್ತಿನ ಯೋಚನೆ ಬಿಟ್ಟ.

ಗುರು ಕತೆ ಮುಗಿಸಿದರು.

"ಆ ಪರಿಣತರು ಏನಾದರು ಗುರುಗಳೇ?"

"ಒಬ್ಬ ಈಗಲೂ ಹೋಲಿಸುತ್ತಿದ್ದಾನೆ. ಇನ್ನೊಬ್ಬ ಅದನ್ನು ಒಪ್ಪುತ್ತಿಲ್ಲ."

ಶಿಷ್ಯ ತಲೆಯಾಡಿಸಿದ. ಪುಸ್ತಕ ಬಿಡಿಸಿದ. ಹೊಸ ಪುಟ ತೆಗೆದು ನಡುವೆ ಒಂದು ಗೆರೆ ಎಳೆದ. ಎಳೆಯಲು ಸೌಟಿನ ಹಿಡಿಯೇ ಅಡಿಪಟ್ಟಿಯಾಯಿತು.

"ಕತೆ ಅರ್ಥವಾಯಿತು ಗುರುಗಳೇ. ಹಾಗಾದರೆ ಓದು ಕಪ್ಪು ಪೆಟ್ಟಿಗೆ, ಸೇವೆ ಬಿಳಿ ಪೆಟ್ಟಿಗೆ. ಮೂರು ವರ್ಷಕ್ಕೆ ಲೆಕ್ಕ ಹಾಕಲೋ, ಐದು ವರ್ಷಕ್ಕೆ ಹಾಕಲೋ?"

ಗುರು ಮೂಗು ಎತ್ತಿ ಅಡುಗೆಮನೆಯ ಕಡೆಯ ಗಾಳಿ ಮೂಸಿದರು. ಅಂಗಳದ ಆಚೆ, ಪಂಕ್ತಿಯ ಚಾವಡಿಯಲ್ಲಿ, ನಲವತ್ತು ಜನ ಎಲೆಗೆ ನೀರು ಚಿಮುಕಿಸಿ ಒರೆಸುತ್ತಿದ್ದರು.

"ಒಲೆಯ ಮೇಲೆ ಏನಿಟ್ಟು ಬಂದೆ?"